ಬೇಸಿಗೆಯಲ್ಲೂ ಹರಿಯುವ ಹಳ್ಳ

ಅಡಿಲೇಡಿನಲ್ಲಿ ಪರಿಚಯದವರ ಮನೆಯ ಒಬ್ಬ ತಾಯಿಯ ಸಾವು 2013ರ ಬೇಸಿಗೆಯಲ್ಲಿ ಸಂಭವಿಸಿತೆಂದು ನಾನು ಬಹುಕಾಲ ನಂಬಿದ್ದೆ. ನನ್ನ ಹೆಂಡತಿ ಒಪ್ಪಲಿಲ್ಲ. ಆ ವಾರದ ಝಳಕ್ಕೆ ನಮ್ಮ ಹಿತ್ತಲಿನ ನಿಂಬೆಗಿಡದ ಎಲೆಗಳೆಲ್ಲ ಇಸ್ತ್ರಿಪೆಟ್ಟಿಗೆ ತಗುಲಿದಂತೆ ಕಂದಿಹೋಗಿದ್ದವು, ಆ ಗಿಡವನ್ನು ನೆಟ್ಟದ್ದೇ 2013ರ ಚಳಿಗಾಲದಲ್ಲಿ ಎಂಬುದು ಅವಳ ವಾದ. ಕಾಲನಿರ್ಣಯದಲ್ಲಿ ನಿಂಬೆಗಿಡದ ಸಾಕ್ಷ್ಯವನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಆದರೂ ಹವಾಮಾನದ ದಾಖಲೆಗಳನ್ನು ತೆಗೆದು ನೋಡಿದೆ. ಉಷ್ಣತೆ ನಲವತ್ತೈದು ಡಿಗ್ರಿಯನ್ನು ಮುಟ್ಟಿದ ಆ ವಾರ 2014ರ ಜನವರಿಯದು; ಈ ದೇಶದಲ್ಲಿ ನಡುಬೇಸಿಗೆ ಬೀಳುವುದು ಆಗಲೇ. ಹೆಂಡತಿಯ ಮಾತೇ ಸರಿ.

ಪಟ್ಟಣಗಳ ಒಳಚರಂಡಿ ನೀರನ್ನು ಶುದ್ಧೀಕರಿಸುವ ಘಟಕಗಳು ನನ್ನ ಸಂಶೋಧನೆಯ ವಿಷಯವಾಗಿದ್ದವು. ಮೊದಲು ಬ್ರಿಸ್ಬೇನಿನಲ್ಲಿ, 2011ರ ಪ್ರವಾಹದ ನಂತರ ನಿವೃತ್ತಿಯವರೆಗೆ ಅಡಿಲೇಡಿನಲ್ಲಿ ಅದನ್ನೇ ಮಾಡಿದೆ. ನಡುವೆ ಒಮ್ಮೆ ಪೋಲೆಂಡಿನ ದಕ್ಷಿಣದ ಒಂದು ಪ್ರಾಂತಕ್ಕೆ, ಅಲ್ಲಿಯ ಸಣ್ಣ ಊರುಗಳ ಘಟಕಗಳು ಚಳಿಗಾಲವನ್ನು ಹೇಗೆ ತಾಳಿಕೊಳ್ಳುತ್ತವೆ ಎಂದು ನೋಡಲು ಹೋಗಿದ್ದೆ. ಅದು 2012ರ ಫೆಬ್ರವರಿ. ಪಾಸ್‌ಪೋರ್ಟಿನ ಮುದ್ರೆಗೂ, ಯುರೋಪನ್ನು ಕೊರೆದ ಆ ವರ್ಷದ ಚಳಿಯ ವರದಿಗಳಿಗೂ ಹೊಂದಿಕೆಯಾಗುತ್ತದೆ. ಹೀಗಾಗಿ ಇದರ ಬಗ್ಗೆ ತಕರಾರಿಲ್ಲ. ಹೊಳೆಗಳೆಲ್ಲ ಹೆಪ್ಪುಗಟ್ಟಿ ಅವುಗಳ ಮೇಲೆ ಹಿಮ ಕೂತಿತ್ತು. ಆದರೆ ಪ್ರತಿ ಊರಿನ ಕೆಳಗೂ ಹೊಳೆಯ ಒಂದು ತುಂಡು ಮಾತ್ರ ಕಪ್ಪಗೆ, ಹಬೆಯಾಡುತ್ತ ಹರಿಯುತ್ತಿತ್ತು. ಆ ಸೀಮೆಯ ಬಾತುಕೋಳಿಗಳೆಲ್ಲ ಅಲ್ಲಿ ಸೇರಿರುತ್ತಿದ್ದವು. ಅಲ್ಲಿಯ ಎಂಜಿನಿಯರೊಬ್ಬ ನನ್ನ ಕೈಯಲ್ಲಿದ್ದ ಭೂಪಟವನ್ನು ಮಡಚಿಸಿ, "ಬಾತುಕೋಳಿ ಎಲ್ಲಿವೆಯೋ ನಮ್ಮ ಕೊಳವೆ ಅಲ್ಲಿದೆ" ಎಂದಿದ್ದ. ಜನ ಮಿಂದು, ಪಾತ್ರೆ ತೊಳೆದು, ಬಚ್ಚಲಿಗೆ ಬಿಟ್ಟ ನೀರಿಗೆ ಎಷ್ಟೇ ಆದರೂ ಮನೆಯ ಬಿಸಿ ಉಳಿದಿರುತ್ತದೆ. ಹರಿಯಬಾರದ ಕಾಲದಲ್ಲಿ ನೀರು ಹರಿಯುತ್ತಿದ್ದರೆ ಅದರ ಮೇಲೆ ಎಲ್ಲೋ ಒಂದು ಊರಿದೆ ಎಂಬ ಪಾಠವನ್ನು ನಾನು ಕಲಿತದ್ದು ಅಲ್ಲಿ.

ತೀರಿಕೊಂಡ ಆ ತಾಯಿಯನ್ನು ನಾನು ಜೀವಂತವಾಗಿ ನೋಡಿದ್ದು ಒಂದೇ ಸಲ, 2013ರ ಕ್ರಿಸ್ಮಸ್ಸಿನ ದಿನ. ಕುವೈತಿನಲ್ಲಿ ಬಹಳ ವರ್ಷ ಇದ್ದು ಅಡಿಲೇಡಿಗೆ ಬಂದಿದ್ದ ಮಂಗಳೂರಿನ ಕ್ಯಾಥೊಲಿಕ್ ಕುಟುಂಬವೊಂದು ಆ ದಿನ ಕನ್ನಡದವರನ್ನೆಲ್ಲ ಊಟಕ್ಕೆ ಕರೆಯುತ್ತಿತ್ತು. ಆಕೆ ಚಿತ್ರದುರ್ಗದ ಕಡೆಯವರು, ಮಗಳ ಬಾಣಂತನಕ್ಕೆಂದು ಬಂದವರು. ಮಗಳಿಗೆ ದಿನ ತುಂಬಿತ್ತು. ಅಳಿಯ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಆ ಕಾರ್ಖಾನೆ ಮುಚ್ಚುತ್ತದೆಂಬ ಸುದ್ದಿ ಆ ತಿಂಗಳಷ್ಟೇ ಹೊರಬಿದ್ದಿದ್ದರಿಂದ ಊಟದ ಮನೆಯಲ್ಲಿ ಅದರದೇ ಮಾತು. ಆ ತಾಯಿಗೆ ಬೇಸರ ಬಂದಿರಬೇಕು, ನನ್ನ ಕಡೆ ತಿರುಗಿದರು.

"ನೀವೇನ್ ಕೆಲ್ಸ ಮಾಡ್ತೀರಿ ಸ್ವಾಮಿ?"

ವಿವರಿಸಿದೆ.

"ಅಯ್ಯೋ ಶಿವನೆ! ಇಷ್ಟೆಲ್ಲಾ ಓದಿ, ಸಮುದ್ರ ದಾಟಿ ಬಂದು, ಜನ ತೊಳ್ಕಂಡ ನೀರು ನೋಡ್ಕಂಡ್ ಕುಂತಿದೀರಾ?"

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ಹಿಂದಿನ ದಿನ ಮಗಳು ಆಕೆಗೆ ಸಮುದ್ರ ತೋರಿಸಿದ್ದಳು. ಆಕೆ ಸಮುದ್ರವನ್ನು ಕಂಡದ್ದು ಅದೇ ಮೊದಲು. "ಒಂದ್ ಅಲೆ ಬಂದು ಸೀದಾ ಬಾಯಿಗೇ ಹೊಡೀತು ನೋಡ್ರಿ. ಥೂ, ಅದೇನ್ ಉಪ್ಪೋ! ನಾನೇನಾರ ಇಲ್ಲೇ ಸತ್ರೆ ಅದ್ರಾಗೆ ಮಾತ್ರ ಹಾಕ್‌ಬ್ಯಾಡ್ರಪ್ಪ. ಉಪ್ಪಿನಕಾಯಿ ಆಗಿಬಿಡ್ತೀನಿ."

"ಅಮ್ಮ, ಬಿಡ್ತು ಅನ್ನು!" ಎಂದು ಮಗಳು ಗದರಿದಳು. ಆಕೆ ಬಿಡ್ತು ಎನ್ನಲಿಲ್ಲ. ಕೋರಿರೊಟ್ಟಿಯನ್ನು ಮುರಿಯುವುದರಲ್ಲಿ ಮಗ್ನರಾಗಿದ್ದರು.

ಹೊಸವರ್ಷದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ಹೆಸರಿಡುವ ಮೊದಲೇ ಅಜ್ಜಿ ಹೋದರು. ಮಗುವಿನ ಒಣಗಿದ ಬಟ್ಟೆಗಳನ್ನು ತರಲು ಮಧ್ಯಾಹ್ನ ಹಿತ್ತಲಿಗೆ ಹೋದವರು ಒಳಗೆ ಬಂದು, ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಮೇಲೆ ಕುಳಿತರು. ಆಂಬುಲೆನ್ಸ್ ಬರುವ ವೇಳೆಗೆ ಎಲ್ಲ ಮುಗಿದಿತ್ತು. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು.

ಈ ದೇಶದಲ್ಲಿ ಅಸ್ಥಿಯನ್ನು ಆಯ್ದು ತರುವ ಕ್ರಮವಿಲ್ಲ. ದಹನವಾದ ಮೇಲೆ ಉಳಿದದ್ದನ್ನು ಅವರೇ ಯಂತ್ರದಲ್ಲಿ ಪುಡಿಮಾಡಿ, ಸುಣ್ಣದ ಹಿಟ್ಟಿನಂತಾದದ್ದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ ಕೊಡುತ್ತಾರೆ. ಆ ಡಬ್ಬಿಯನ್ನು ಮನೆಗೆ ತಂದ ಮರುದಿನ ಅಳಿಯ ನನ್ನನ್ನು ಹುಡುಕಿಕೊಂಡು ಬಂದ.

"ಅಂಕಲ್, ಮೆಲ್ಬರ್ನ್ ಭಟ್ರಿಗೆ ಫೋನ್ ಮಾಡಿದ್ದೆ. ಸಮುದ್ರಾನೇ ಶ್ರೇಷ್ಠ, ಎಲ್ಲಾ ನದೀನೂ ಅಲ್ಲಿಗೇ ಸೇರೋದು ಅಂತಾರೆ. ಇವಳು ಕೇಳ್ತಾನೇ ಇಲ್ಲ. ಅಮ್ಮ ಬಾಯ್ಬಿಟ್ಟು ಬೇಡ ಅಂದಿದಾರೆ, ಸಿಹಿನೀರೇ ಆಗ್ಬೇಕು, ಹರೀತಿರ್ಬೇಕು ಅಂತ ಹಟ. ಹಸಿ ಬಾಣಂತಿ, ಈ ಬಿಸಿಲಲ್ಲಿ ಮರ್ರೆ ನದಿವರೆಗೂ ಕರ್ಕೊಂಡು ಹೋಗೋಕಾಗಲ್ಲ. ನಮ್ಮನೆ ಹಿಂದೆ ಒಂದು ಕ್ರೀಕ್ ಇದೆ. ಅತ್ತೆ ದಿನಾ ಬೆಳಿಗ್ಗೆ ಅಲ್ಲಿಗೇ ವಾಕ್ ಹೋಗ್ತಿದ್ರು. ಅಲ್ಲೇ ಬಿಡೋಣ ಅಂತಾಳೆ. ನೀವು ನೀರಿನ ಕಡೆಯೋರು. ಒಂದ್ಸಲ ನೋಡಿ ಹೇಳಿಬಿಡಿ."

ಅವರ ಮನೆ ನಗರದ ಪೂರ್ವಕ್ಕಿರುವ ಗುಡ್ಡಸಾಲಿನ ಬಡಾವಣೆಯಲ್ಲಿತ್ತು. ಸುತ್ತಲಿನ ಇಳಿಜಾರೆಲ್ಲ ಬೆಂದು ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಹುಲ್ಲು ಕಾಲಡಿಯಲ್ಲಿ ಮುರಿಯುತ್ತಿತ್ತು. ದಾರಿಯಲ್ಲಿ ದಾಟಿದ ಹಳ್ಳಗಳಲ್ಲಿ ಬರೀ ಕಲ್ಲು. ಮನೆಯ ಹಿಂದಿನ ಹಳ್ಳದಲ್ಲಿ ಮಾತ್ರ ಆಳೆತ್ತರದ ಜೊಂಡು, ಅದರ ನಡುವೆ ತಿಳಿನೀರಿನ ಸಣ್ಣ ಸದ್ದು. ಕಲ್ಲಿನ ಸಂದಿಗಳಲ್ಲಿ ತೆಳ್ಳಗೆ ನೊರೆ ನಿಂತಿತ್ತು. ಕಂಡ ಕ್ಷಣವೇ ನನಗೆ ಪೋಲೆಂಡಿನ ಬಾತುಕೋಳಿಗಳು ನೆನಪಾದವು. ಬಗ್ಗಿ ವಾಸನೆ ನೋಡುವ ಅಗತ್ಯವಿರಲಿಲ್ಲ; ಆದರೂ ನೋಡಿದೆ.

"ಅತ್ತೆ ಇದನ್ನ ಗಂಗಮ್ಮ ಅಂತಿದ್ರು ಅಂಕಲ್," ಎಂದ ಅಳಿಯ. "'ನಮ್ಮೂರ್ ಹೊಳೆ ವರ್ಷಕ್ಕೆ ನಾಕ್ ದಿನ ಹರಿದ್ರೆ ಹೆಚ್ಚು, ಈ ತಾಯಿ ಇಂಥಾ ಬ್ಯಾಸಿಗೇಲೂ ನಿಂತಿಲ್ಲ ನೋಡು' ಅಂತ ದಿನಾ ಕೈ ಮುಗಿದು ಬರ್ತಿದ್ರು."

ನಾನು ದಂಡೆ ಹಿಡಿದು ಮೇಲಕ್ಕೆ ನಡೆದೆ. ಎರಡನೆಯ ತಿರುವಿನಲ್ಲಿ ಜೊಂಡಿನ ಹಿಂದೆ ಕಾಂಕ್ರೀಟಿನ ಬಾಯಿ ಕಂಡಿತು. ಸುತ್ತ ತಂತಿಬೇಲಿ. ಸಂಸ್ಕರಿಸಿದ ನೀರು, ಕುಡಿಯಬಾರದು, ಈಜಬಾರದು ಎಂಬ ಫಲಕ. ಆ ತಾಯಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಅಷ್ಟು ದೂರ ಮೇಲಕ್ಕೆ ಅವರು ಹೋಗಿರಲಾರರು.

ಅಳಿಯ ಫಲಕವನ್ನು ಓದಿ ಕಲ್ಲಿನ ಮೇಲೆ ಕುಳಿತುಬಿಟ್ಟ. "ಎಲ್ಲಿಂದ ಬರೋದು ಅಂಕಲ್ ಇದು?"

"ನಿಮ್ಮ ಬಡಾವಣೆಯಿಂದ. ನಿಮ್ಮ ಮನೆಯಿಂದಲೂ."

ಅವನು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. "ಅವಳಿಗೆ ಹೇಳ್ಬೇಡಿ. ನೀರು ಚೆನ್ನಾಗಿದೆ ಅಂದ್ಬಿಡಿ. ನಾಳೆ ಬೆಳಿಗ್ಗೆ ಮುಗಿಸ್ಬಿಡ್ತೀವಿ."

ನಾನು ಒಪ್ಪಿದೆ. ಸುಳ್ಳು ಹೇಳಬೇಕಾಗಿರಲಿಲ್ಲ. ನಿಯಮದ ಪ್ರಕಾರ ಶುದ್ಧವೆನಿಸಿದ ನೀರನ್ನು ಶುದ್ಧವೆಂದರೆ ಸಾಕಿತ್ತು. ಇನ್ನೊಂದು ವಿಚಾರವೂ ಅಲ್ಲಿ ನನ್ನ ತಲೆಯಲ್ಲಿ ಸುಳಿಯಿತು, ಅದನ್ನು ಅವನಿಗೆ ಹೇಳಲಿಲ್ಲ. ಚಿತಾಭಸ್ಮದ ಬಹುಪಾಲು ಕ್ಯಾಲ್ಸಿಯಂ ಮತ್ತು ರಂಜಕ. ರಂಜಕ ಹೆಚ್ಚಾದರೆ ಹೊಳೆಯಲ್ಲಿ ಪಾಚಿ ಕಟ್ಟುತ್ತದೆಂದು ಅದನ್ನು ನೀರಿನಿಂದ ತೆಗೆಯುವುದರಲ್ಲೇ ನನ್ನ ವೃತ್ತಿಜೀವನ ಕಳೆದಿತ್ತು. ಮನುಷ್ಯನನ್ನು ಸುಟ್ಟ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅದೇ.

ಮನೆಯಲ್ಲಿ ಮಗಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದಳು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಅವಳಿಗೆ ಅನ್ನ ಕಲಸುತ್ತಿದ್ದಳು.

"ಹೇಗಿದೆ ಅಂಕಲ್ ನೀರು?"

"ಚೆನ್ನಾಗಿದೆಯಮ್ಮ."

ಅವಳ ಮುಖ ಸಡಿಲವಾಯಿತು. ಎದ್ದು, ದೀಪ ಹಚ್ಚದೆ ಬಿಟ್ಟಿದ್ದ ದೇವರ ಮೂಲೆಯಿಂದ ಒಂದು ಪುಟ್ಟ ತಾಮ್ರದ ತಂಬಿಗೆ ತಂದಳು. "ಅಮ್ಮ ಆ ಹಳ್ಳದಿಂದ ತಂದಿಟ್ಟಿದ್ದು. ಅವತ್ತು ಆಂಬುಲೆನ್ಸ್ ಬರೋಕೆ ಮುಂಚೆ ಅಮ್ಮನ ಬಾಯಿಗೆ ಇದನ್ನೇ ಬಿಟ್ಟೆ ಅಂಕಲ್. ಇಲ್ಲಿ ಗಂಗೆ ಎಲ್ಲಿಂದ ತರ್ಲಿ? ಎರಡು ಚಮಚ ಒಳಗೆ ಹೋಯ್ತು." ಹೇಳುವಾಗ ಅವಳ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಮಾಡಬೇಕಾದ್ದನ್ನು ಸರಿಯಾಗಿ ಮಾಡಿದ ಸಮಾಧಾನವಿತ್ತು. ಮಾತು ಮುಗಿಸುತ್ತಲೇ ತಂಬಿಗೆಯಲ್ಲಿ ಬೆರಳದ್ದಿ ಮಗುವಿನ ಕಡೆ ಬಗ್ಗಿದಳು. "ಸೂತಕ ಅಂತ ಇವಳಿಗೆ ಏನೂ ಮಾಡಿಲ್ಲ. ಅಜ್ಜಿ ತೀರ್ಥ ಒಂದ್ ಹನೀನಾದ್ರೂ..."

"ಬೇಡ" ಎಂದೆ.

ಆ ಶಬ್ದ ನಾನು ಎಣಿಸಿದ್ದಕ್ಕಿಂತ ಜೋರಾಗಿ ಬಂದಿತು. ಮಗು ಬೆಚ್ಚಿ ಅತ್ತಿತು. ಹೆಂಡತಿ ಕಲಸಿದ ಕೈಯಲ್ಲೇ ಹೊರಗೆ ಬಂದಳು. ಅಳಿಯ ಗೋಡೆಯ ಕಡೆ ತಿರುಗಿ ನಿಂತ. ಮುಂದಿನದನ್ನು ಹೇಳದೆ ನಿರ್ವಾಹವಿರಲಿಲ್ಲ, ಹೇಳಿದೆ. ನೀರಿನಲ್ಲಿರುವ ರೋಗಾಣುಗಳನ್ನು ಕೊಂದೇ ಹೊರಬಿಡುತ್ತಾರೆ, ತಾಯಿಯ ಪ್ರಾಣಕ್ಕೂ ಆ ನೀರಿಗೂ ಸಂಬಂಧವಿಲ್ಲ, ಆದರೂ ಹಸುಗೂಸಿನ ಬಾಯಿಗೆ ಅದು ಆಗದು ಎಂದು ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಅಳಲಿಲ್ಲ.

"ಅಂದ್ರೆ ನಾನು ಅಮ್ಮನಿಗೆ ಕೊನೇಲಿ ಕುಡಿಸಿದ್ದು..."

ಅವಳು ತಂಬಿಗೆಯನ್ನು ಅಡುಗೆಮನೆಗೆ ಒಯ್ದು ಸಿಂಕಿನಲ್ಲಿ ಸುರಿದು, ನಲ್ಲಿಯನ್ನು ಬಹಳ ಹೊತ್ತು ಬಿಟ್ಟು ತೊಳೆದಳು. ಆ ಸಿಂಕಿನ ನೀರು ಹೋಗುವುದು ಅದೇ ಘಟಕಕ್ಕೆ, ಅಲ್ಲಿಂದ ಅದೇ ಹಳ್ಳಕ್ಕೆ.

ಹತ್ತನೆಯ ದಿನದ ಕರ್ಮ ಮನೆಯ ಕಾರ್‌ಶೆಡ್ಡಿನಲ್ಲಿ ನಡೆಯಿತು. ಡಬ್ಬಿ ಕಪಾಟಿನಲ್ಲಿ ಉಳಿಯಿತು.

ಆಮೇಲೆ ಮಗಳು ಬೇರೆ ಬೇರೆ ಹೊಳೆಗಳ ಬಗ್ಗೆ ನನ್ನನ್ನು ಕೇಳತೊಡಗಿದಳು. ಆ ವರ್ಷದ ಚಳಿಗಾಲದಲ್ಲಿ ಮೊದಲ ಫೋನ್ ಬಂತು: "ಅಂಕಲ್, ಮರ್ರೆ ಹೇಗೆ?" ಮರ್ರೆ ದೊಡ್ಡ ನದಿ, ಸಿಹಿನೀರಿನ ನದಿ, ನಿಶ್ಚಿಂತೆಯಿಂದ ಬಿಡಬಹುದು ಎಂದೆ. "ಮೇಲ್ಗಡೆ ಊರುಗಳಿಲ್ವಾ?" ಇವೆ, ದಂಡೆಯುದ್ದಕ್ಕೂ ಇವೆ, ಆದರೆ ಅಷ್ಟು ನೀರಿನಲ್ಲಿ ಅದು ಎಲ್ಲಿಯ ಲೆಕ್ಕ ಎಂದು ಹೇಳುವಷ್ಟರಲ್ಲಿ ಅವಳು, "ಇದಾವಲ್ಲ, ಸರಿ ಬಿಡಿ" ಎಂದು ಫೋನಿಟ್ಟಳು. ಇನ್ನೊಮ್ಮೆ ಊರಿನ ಹೊಳೆಯನ್ನು ಕೇಳಿದಳು. ರಜೆಗೆ ಹೋದಾಗ ಹರಿಹರದಲ್ಲಿ ತುಂಗಭದ್ರೆಗೆ ಬಿಡುವ ಯೋಚನೆ. ಅಲ್ಲಿಯ ಊರುಗಳ ಚರಂಡಿಗಳಲ್ಲಿ ಎಷ್ಟು ಹೊಳೆಗೆ ಸೇರುವ ಮುನ್ನ ಶುದ್ಧವಾಗುತ್ತವೆ ಎಂದಳು. ನನಗೆ ತಿಳಿದಷ್ಟನ್ನು ಹೇಳಿದೆ. ಇಲ್ಲಿಯ ಹಳ್ಳದ ನೀರು ಅದಕ್ಕಿಂತ ಎಷ್ಟೋ ಮೇಲು ಎಂದೂ ಹೇಳಿದೆ. ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ.

"ರೀ, ಅವಳು ಕೇಳಿದಾಗ ಹೂಂ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ನನ್ನ ಹೆಂಡತಿ ಕೇಳಿದ್ದು ಆಗಲೇ.

"ಒಮ್ಮೆ ಹೂಂ ಎಂದಿದ್ದೆನಲ್ಲ. ಮಗುವಿನ ಬಾಯಿಗೆ ಹೋಗುತ್ತಿತ್ತು."

"ಅದು ಬೇರೆ, ಇದು ಬೇರೆ. ನಿಮ್ಮ ಕಣ್ಣಿಗೆ ಒಂದಾದ್ರೂ ನೀರು ಬರೀ ನೀರಾಗಿ ಕಾಣುತ್ತಾ?"

ಆ ಮಗಳು ಕೇಳಿದ ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರಗಳು ಸರಿಯಾಗಿದ್ದವು. ಅವುಗಳಲ್ಲಿ ಒಂದನ್ನೂ ತಿದ್ದಲಾರೆ.

ಕಾರ್ಖಾನೆಯಲ್ಲಿ ಆಳುಗಳನ್ನು ಕಡಿಮೆ ಮಾಡತೊಡಗಿದ ಮೇಲೆ ಅವರು ಬ್ರಿಸ್ಬೇನಿಗೆ ಹೋದರು. ನಾನು ಅಲ್ಲಿಗೆ ಹೋಗಿ ಕ್ಯಾಲಮ್‌ವೇಲ್‌ನ ಅವರ ಬಾಡಿಗೆ ಮನೆಯಲ್ಲಿ ಉಳಿದದ್ದು 2016ರಲ್ಲಿ. ವಿಮಾನದ ಟಿಕೆಟ್ 2016 ಎನ್ನುತ್ತದೆ. ಮಗುವಿಗೆ ಆಗ ಎರಡು ತುಂಬಿತ್ತೆಂಬ ಹೆಂಡತಿಯ ನೆನಪೂ ಅದಕ್ಕೆ ಹೊಂದುತ್ತದೆ. ಟವೆಲ್ ಬೇಕಾಗಿ ಕಪಾಟು ತೆರೆದೆ. ಮೇಲಿನ ಹಲಗೆಯ ಮೇಲೆ, ಹಾಸಿಗೆ ಹೊದಿಕೆಗಳ ಪಕ್ಕದಲ್ಲಿ ಡಬ್ಬಿಯಿತ್ತು. ಚೀಟಿಯ ಅಂಚು ಎದ್ದಿತ್ತು. ಅಳಿಯ ನನ್ನ ಹಿಂದೆ ಬಂದು ನಿಂತಿದ್ದ.

"ನೋಡಿದ್ರಾ ಅಂಕಲ್? ಮೂರನೇ ಮನೆ ಇದು. ಪ್ರತೀ ಸಲ ಅತ್ತೇನೂ ನಮ್ಜೊತೆ ಶಿಫ್ಟ್ ಆಗ್ತಾರೆ. ಬದುಕಿದ್ದಾಗ ವೀಸಾ ಆರು ತಿಂಗಳಿಗಿತ್ತು. ಈಗ ಪರ್ಮನೆಂಟ್ ರೆಸಿಡೆಂಟು."

ಅವನು ನಗಲಿಲ್ಲ. ಹೆಂಡತಿ ನಿದ್ದೆ ಮಾಡುವುದಿಲ್ಲವೆಂದೂ, ಮಗುವಿಗೆ ಕೊಡುವ ನೀರನ್ನು ಈಗಲೂ ಎರಡು ಸಲ ಕುದಿಸುತ್ತಾಳೆಂದೂ, ಅಮ್ಮನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆಂದೂ ಹೇಳಿದ. ವರ್ಷದ ತಿಥಿಗಳಲ್ಲಿ ಒಂದನ್ನೂ ಅವಳು ಮಾಡಗೊಟ್ಟಿರಲಿಲ್ಲ. ಬಿಡಬೇಕಾದ್ದನ್ನೇ ಬಿಟ್ಟಿಲ್ಲ, ಎಡೆ ಯಾರಿಗೆ ಇಡಲಿ ಎನ್ನುತ್ತಿದ್ದಳಂತೆ.

ಭಾನುವಾರ ಎಲ್ಲರೂ ನದಿಯ ದಂಡೆಯ ಪಾರ್ಕಿಗೆ ಹೋದೆವು. ಕಾರಿನಲ್ಲಿ ಡಬ್ಬಿಯೂ ಇತ್ತೆಂದು ನನಗೆ ಆಮೇಲೆ ತಿಳಿಯಿತು. ಉಬ್ಬರ ಇಳಿಯುತ್ತಿತ್ತು. ಕಂದು ನೀರು ಮ್ಯಾಂಗ್ರೋವ್ ಗಿಡಗಳ ಬೇರುಗಳನ್ನು ಬಿಟ್ಟು ಹಿಂದೆ ಸರಿಯುತ್ತಿತ್ತು. ಅವಳು ಬಗ್ಗಿ ಬೆರಳದ್ದಿ, ನಾಲಗೆಗೆ ಮುಟ್ಟಿಸಿ, ನನ್ನ ಕಡೆ ನೋಡಿದಳು. ಕೇಳುವ ಅಗತ್ಯವೇ ಬೀಳಲಿಲ್ಲ. ನಗರದೊಳಗೆ ಆ ನದಿಯ ನೀರು ಉಪ್ಪು. 2011ರ ಪ್ರವಾಹದಲ್ಲಿ ಇಲ್ಲಿಯ ಘಟಕಗಳು ಮುಳುಗಿದ ವಾರ ನಾನು ಇದೇ ದಂಡೆಯಲ್ಲಿ ನಿಂತು ನೀರಿನ ಮಾದರಿ ತುಂಬಿಸಿಕೊಂಡಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ನಾವು ಮಗನ ಹತ್ತಿರವಿರಲೆಂದು ಪರ್ತ್‌ಗೆ ಬಂದದ್ದು 2017ರಲ್ಲಿ. ಮರುವರ್ಷ ಅಳಿಯನಿಗೆ ಉತ್ತರದ ಗಣಿಯಲ್ಲಿ ಕೆಲಸ ಸಿಕ್ಕಿ, ನಾವಿದ್ದೇವೆಂಬ ಧೈರ್ಯದಿಂದ ಅವರೂ ಇಲ್ಲಿಗೇ ಬಂದರು. ಎರಡು ವಾರ ಗಣಿ, ಒಂದು ವಾರ ಮನೆ. ಅವನಿಲ್ಲದ ವಾರಗಳಲ್ಲಿ ಅವಳು ಮಗುವಿನೊಂದಿಗೆ ನಮ್ಮಲ್ಲಿಗೆ ಬರುತ್ತಿದ್ದಳು. ಒಮ್ಮೆ ಸ್ವಾನ್ ವ್ಯಾಲಿಯ ದ್ರಾಕ್ಷಿತೋಟಗಳ ನಡುವೆ ಕಾರು ನಿಲ್ಲಿಸಿ ನದಿಯನ್ನು ತೋರಿಸಿದೆ. ಮಳೆಗಾಲ, ಹರಿವು ಚೆನ್ನಾಗಿತ್ತು. ಇದು ಮೇಲಿನ ಗೋಧಿಹೊಲಗಳಿಂದ ಉಪ್ಪನ್ನು ಹೊತ್ತು ತರುತ್ತದಲ್ಲವೇ ಎಂದು ಅವಳೇ ಕೇಳಿದಳು. ಎಲ್ಲೋ ಓದಿಕೊಂಡಿದ್ದಳು. ಅಷ್ಟು ಹೊತ್ತಿಗೆ ನನ್ನ ಅಗತ್ಯ ಅವಳಿಗೆ ಬಹಳ ಇರಲಿಲ್ಲ.

2019ರಲ್ಲಿ ಒಂದು ಮಧ್ಯಾಹ್ನ ಅವಳು ನಮ್ಮ ಅಡುಗೆಮನೆಯ ಮೇಜಿಗೆ ಕುಳಿತು ನೀರು ಕುಡಿಯುತ್ತಿದ್ದಳು. ಮಾತಿಗೆ ಮಾತು ಬಂದು, ಈ ನಗರದ ಉತ್ತರ ಭಾಗದಲ್ಲಿ ಒಳಚರಂಡಿಯ ನೀರನ್ನು ಹಂತಹಂತವಾಗಿ ಸೋಸಿ, ನೆಲದಾಳಕ್ಕೆ ಇಳಿಸಿ, ವರ್ಷಗಳ ನಂತರ ಕುಡಿಯಲು ಮೇಲೆತ್ತುವ ವ್ಯವಸ್ಥೆಯ ಬಗ್ಗೆ ನಾನು ಹೇಳಿದೆ. ನನ್ನ ವಿಷಯದವರು ಬಹುಕಾಲ ಕನಸು ಕಂಡಿದ್ದ ಕೆಲಸವದು. ದನಿಯಲ್ಲಿ ಹೆಮ್ಮೆಯಿತ್ತೆಂದು ಹೆಂಡತಿ ಆಮೇಲೆ ಆಕ್ಷೇಪಿಸಿದಳು.

"ಅಂದ್ರೆ ಈ ನಲ್ಲಿ ನೀರು?" ಎಂದಳು ಮಗಳು.

"ಒಂದು ಪಾಲು, ಇಂದಲ್ಲ ನಾಳೆ, ಅದೇ."

ಅವಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದು ಲೋಟವನ್ನು ಕೆಳಗಿಟ್ಟಳು.

"ಕುಡಿಯೋಕೆ ಆಗುತ್ತೆ. ಅಮ್ಮನ್ನ ಬಿಡೋಕೆ ಆಗಲ್ಲ. ಅಲ್ವಾ ಅಂಕಲ್?"

ಆಗುತ್ತದಮ್ಮ, ಆಗದೆಂದು ನಾನು ಎಂದೂ ಹೇಳಿರಲಿಲ್ಲ ಎಂದೆ. ಅದು ನಿಜವೂ ಹೌದು. ಐದು ವರ್ಷಗಳಲ್ಲಿ ಒಮ್ಮೆಯೂ ನಾನು ಆಗದು ಎಂದಿರಲಿಲ್ಲ. ಅವಳು ಮಗುವನ್ನು ಕರೆದುಕೊಂಡು ಎದ್ದಳು.

ಅದಾದ ಮೇಲೆ ಕೆಲವು ವಾರ ಅವಳು ಬರಲಿಲ್ಲ. ಫೋನ್ ಬಂದದ್ದು ನನ್ನ ಹೆಂಡತಿಗೆ. ಮಾತು ಮುಗಿಸಿ ಬಂದು, "ಆ ಕೆಲಸ ಆಯಿತಂತೆ" ಎಂದಳು.

"ಎಲ್ಲಿ? ಯಾವತ್ತು?"

"ಕೇಳಬೇಡಿ. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದಾಳೆ."

ಆದ್ದರಿಂದ ಆ ದಿನಾಂಕ ನನ್ನಲ್ಲಿಲ್ಲ; ಸ್ಥಳವೂ ಇಲ್ಲ. ಪರಿಶೀಲಿಸುವ ದಾರಿಗಳಿರಲಿಲ್ಲವೆಂದಲ್ಲ. ಅಳಿಯ ರಜೆಯಲ್ಲಿದ್ದ ವಾರಗಳು ನನಗೆ ಗೊತ್ತು. ಯಾವ ಹೊಳೆಯಲ್ಲಿ ಯಾವಾಗ ನೀರಿತ್ತೆಂಬುದನ್ನೂ ದಾಖಲೆಗಳಿಂದ ತಿಳಿಯಬಹುದು. ಎರಡನ್ನೂ ಎದುರುಬದುರಾಗಿಟ್ಟು ನೋಡುವುದು ಒಂದು ಸಂಜೆಯ ಕೆಲಸ. ಮಾಡಿಲ್ಲ.

ಹೆಂಡತಿಯ ಒತ್ತಾಯಕ್ಕೆ ಮುಂದಿನ ವಾರ ಅವರ ಮನೆಗೆ ಹೋದೆವು. ಮಗು ಬಾಗಿಲು ತೆರೆದು, "ಮಮ್ಮೀಸ್ ಮೇಕಿಂಗ್ ಟೀ" ಎಂದು ನಮ್ಮ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ದೇವರ ಮೂಲೆಯಲ್ಲಿ ತಾಯಿಯ ಫೋಟೋ ಇಟ್ಟು ಹೂ ಹಾಕಿದ್ದರು. ಅದನ್ನು ನಾನು ಅವರ ಹಿಂದಿನ ಮನೆಗಳಲ್ಲಿ ಒಂದರಲ್ಲೂ ಕಂಡಿರಲಿಲ್ಲ. ಮಗಳು ತೆಳ್ಳಗಾಗಿದ್ದಳು, ಕಣ್ಣಿನ ಸುತ್ತ ಕಪ್ಪು ಇನ್ನೂ ಇತ್ತು. ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಸಿಂಕಿನ ಪಕ್ಕದ ಪಾತ್ರೆ ಸ್ಟ್ಯಾಂಡಿನಲ್ಲಿ ತಟ್ಟೆ ಲೋಟಗಳ ನಡುವೆ ಆ ಡಬ್ಬಿ ಬೋರಲು ಬಿದ್ದಿತ್ತು. ಚೀಟಿಯನ್ನು ಕಿತ್ತು ಚೆನ್ನಾಗಿ ತೊಳೆದಿದ್ದರು. ಅಂಚಿನಲ್ಲಿ ಒಂದೆರಡು ಹನಿ ನೀರು ಇನ್ನೂ ನಿಂತಿತ್ತು.

ಡಬ್ಬಿಯ ಗೋಡೆಗಳಿಗೆ, ಮೂಲೆಗಳಿಗೆ ಏನಾದರೂ ಅಂಟಿರಲೇಬೇಕು. ಅದನ್ನು ತೊಳೆದ ನೀರು ಆ ಸಿಂಕಿನಿಂದ ಎಲ್ಲಿಗೆ ಹೋಯಿತು, ಅಲ್ಲಿ ಅದಕ್ಕೆ ಏನೇನು ಮಾಡುತ್ತಾರೆ, ಅಲ್ಲಿಂದ ಯಾವ ಆಳಕ್ಕೆ ಇಳಿಸುತ್ತಾರೆ, ಯಾವ ನಲ್ಲಿಗಳಲ್ಲಿ ಮೇಲೆ ಬರುತ್ತದೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ನಾನು ನೋಡುತ್ತಿದ್ದುದನ್ನು ಅವಳು ಕಂಡಳು.

"ಅಂಕಲ್," ಎಂದಳು, "ಏನೂ ಹೇಳ್ಬೇಡಿ."

ಅವಳು ಕೊಟ್ಟ ಟೀಯನ್ನು ಕುಡಿದೆ.